ಗರಗಸ ಓದಿದ ಮಗು ಗದಗ ಓದದಿದ್ದರೆ

2022–23 ನಮ್ಮ ಸರ್ಕಾರಿ ಶಾಲೆಗಳ ಪಾಲಿಗೆ ‘ಕಲಿಕಾ ಚೇತರಿಕೆ’ಯ ವರ್ಷ, ಅಂದರೆ ಕೋವಿಡ್‌ನಲ್ಲಿ ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ ವರ್ಷ. ಮೇ 16ಕ್ಕೇ ಶಾಲೆ ಶುರುವಾಯಿತು. ಆ ವರ್ಷ ಮೂರನೇ ತರಗತಿಗೆ ಬಂದ ಮಕ್ಕಳ ಲೆಕ್ಕ ಹಾಕಿ ನೋಡಿ. ಒಂದನೇ ತರಗತಿ ಮನೆಯಲ್ಲೇ ಕಳೆಯಿತು, ನಡುವೆ ಕೆಲವು ವಾರ ಗುಡಿ ಜಗಲಿಯ ಮೇಲೆ ವಿದ್ಯಾಗಮ, ಶಿಕ್ಷಕರೇ ಊರೊಳಗೆ ಬಂದು ಮಾಡಿದ ಪಾಠ. ಎರಡನೇ ತರಗತಿಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹಾಜರಿ ಪುಸ್ತಕದಲ್ಲಿ ಮಾತ್ರ ಮೂರನೇ ತರಗತಿ.

ಇಂಥ ಮಕ್ಕಳ ನೋಟ್‌ಬುಕ್ ನೋಡಿ ಮೋಸಹೋದವರೇ ಹೆಚ್ಚು. ಬೋರ್ಡಿನ ಮೇಲಿದ್ದದ್ದನ್ನು ದುಂಡಗೆ ಬರೆದಿರುತ್ತವೆ, ಆದರೆ ಅದು ಚಿತ್ರ ಬಿಡಿಸಿದ ಹಾಗೆ. ಹಾಗಾಗಿ ಬರಹದ ಪರೀಕ್ಷೆ ಬೇಡ. ಒಂದೊಂದೇ ಮಗುವನ್ನು ಪಕ್ಕಕ್ಕೆ ಕರೆದು ಐದು ನಿಮಿಷ ಓದಿಸಬೇಕು. ಮೂವತ್ತು ಮಕ್ಕಳಿದ್ದರೆ ಎರಡೂವರೆ ಗಂಟೆ, ಮೂರು ದಿನಕ್ಕೆ ಹಂಚಿಕೊಂಡರೆ ಆಗುವ ಕೆಲಸ. ಚಿಕ್ಕ ತರಗತಿಗಳಿಗೆ ಕಾರ್ಡುಗಳ ಮೂಲಕ ಕಲಿಸುವ ಪದ್ಧತಿಯಾದ ನಲಿಕಲಿಯ ಮೊದಲ ಅಕ್ಷರಗಳು ರ, ಗ, ಸ, ದ, ಅ. ‘ಗರಗಸ’ವನ್ನು ಕಾರ್ಡಿನ ಚಿತ್ರ ನೋಡಿಯೇ ಹೇಳಿಬಿಡುತ್ತವೆ. ಅದೇ ಅಕ್ಷರಗಳಲ್ಲಿ ‘ಗದಗ’ ಎಂದು ಚಿತ್ರವಿಲ್ಲದೆ ಬರೆದು ತೋರಿಸಿ. ಆಗಲೂ ‘ಗರಗಸ’ ಎಂದರೆ ಮಗು ಮೊದಲ ಅಕ್ಷರ ಹಿಡಿದು ಊಹಿಸುತ್ತಿದೆ, ಓದುತ್ತಿಲ್ಲ.

ಅಕ್ಷರ ದಾಟಿದವರು ಕಾಗುಣಿತದಲ್ಲಿ ಸಿಕ್ಕಿಕೊಳ್ಳುತ್ತಾರೆ. ‘ಕ ಕಾ ಕಿ ಕೀ’ ರಾಗ ಬಾಯಿಪಾಠ. ‘ಕೋ’ ಯಾವುದು ಎಂದರೆ ಮತ್ತೆ ‘ಕ’ದಿಂದ ಹಾಡಿಕೊಂಡು ಬರಬೇಕು. ಒಂದು ಅಕ್ಷರದ ಪೂರ್ತಿ ಸಾಲು ಹೇಳಿಸುವುದಕ್ಕಿಂತ ಒಂದು ಗುಣಿತ ಚಿಹ್ನೆಯನ್ನು ಹಲವು ಅಕ್ಷರಗಳಿಗೆ ಹಚ್ಚಿಸುವುದು ಮೇಲು. ಒಂದು ವಾರವೆಲ್ಲ ಗುಡಿಸು ಮಾತ್ರ: ಕಿ, ಗಿ, ನಿ, ಬಿ, ಗಿಡ, ಕಿವಿ, ಗಿಣಿ. ಒತ್ತಕ್ಷರ ಇನ್ನೂ ತ್ರಾಸದ್ದು. ‘ಹಗ್ಗ’, ‘ಅಜ್ಜ’ ಬೇಗ ಬರುತ್ತವೆ, ಒತ್ತು ಅಕ್ಷರವನ್ನೇ ಹೋಲುವುದರಿಂದ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಬೇರೆಯದೇ ರೂಪ. ನಾವೋ, ಮೊದಲು ಹೇಳಿಕೊಡುವುದೇ ‘ಅಮ್ಮ’! ಆ ಆರನ್ನು ಪ್ರತ್ಯೇಕವಾಗಿ ಕಲಿಸಬೇಕು. ಅರ್ಕಾವತ್ತನ್ನು ಕೊನೆಗೆ ಇಟ್ಟುಕೊಳ್ಳಿ. ‘ಸೂರ್ಯ’ದಲ್ಲಿ ‘ರ್’ ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು.

ಲೆಕ್ಕದಲ್ಲಿ 52ರಲ್ಲಿ 27 ಕಳೆದರೆ 35 ಎಂಬ ಉತ್ತರ ಸಾಲು ಸಾಲಾಗಿ ಬರುತ್ತದೆ. ಅಜಾಗರೂಕತೆಯಲ್ಲ ಅದು. ‘ದೊಡ್ಡದರಲ್ಲಿ ಚಿಕ್ಕದು ಕಳಿ’ ಎಂದು ಕೇಳಿದ್ದನ್ನೇ ಮಗು ಪಾಲಿಸಿ 7ರಲ್ಲಿ 2 ಕಳೆದಿದೆ. ಪೊರಕೆ ಕಡ್ಡಿ ಮುರಿದು, ಹತ್ತರ ಐದು ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ, ಎರಡು ಬಿಡಿ ಕಡ್ಡಿ ಇಡಿ. ಏಳು ಕಡ್ಡಿ ಕೊಡು ಎಂದಾಗ ಎರಡೇ ಇವೆ. ಆಗ ಬ್ಯಾಂಡ್ ಬಿಚ್ಚುವುದು ಮಗುವಿನ ಕೈಯೇ ಆಗಿರಬೇಕು. ಮೇಷ್ಟ್ರು ಬಿಚ್ಚಿ ತೋರಿಸಿದರೆ ಮರುದಿನ ಮತ್ತೆ 35.

ನಲಿಕಲಿಯ ಐದು ತಟ್ಟೆಗಳು, ಅಂದರೆ ಮಕ್ಕಳು ಕೂರುವ ಐದು ಗುಂಪುಗಳು, ಕಾಗದದ ಮೇಲೆ ಚಂದ. ಗಲಾಟೆ ಶುರುವಾಗುವುದು ಮಕ್ಕಳು ತಾವೇ ಕಲಿಯುವ ಸ್ವಕಲಿಕೆಯ ತಟ್ಟೆಯಿಂದ, ಕಾರ್ಡು ಹತ್ತು ನಿಮಿಷಕ್ಕೆ ಮುಗಿದುಬಿಡುತ್ತದೆ. ಅಲ್ಲಿ ಎರಡು ಕಾರ್ಡು ಹೆಚ್ಚಿಗೆ ಇರಲಿ. ಶಿಕ್ಷಕರ ಬೆಂಬಲದ ತಟ್ಟೆಯಲ್ಲಿ ಅದೇ ನಾಲ್ಕು ಮಕ್ಕಳು ದೀಪಾವಳಿವರೆಗೂ ಕೂತರೆ ಇಡೀ ಕೋಣೆಗೆ ಅವರು ‘ದಡ್ಡರು’. ಹದಿನೈದು ದಿನಕ್ಕೊಮ್ಮೆ ಓದಿಸಿ ಜಾಗ ಬದಲಿಸಬೇಕು. ಕನ್ನಡದ ಗುಂಪೇ ಗಣಿತಕ್ಕೂ ಬೇಡ. ಓದಲು ಬಾರದ ಎಷ್ಟೋ ಮಕ್ಕಳು ಅಂಗಡಿಯ ಚಿಲ್ಲರೆಯನ್ನು ಚೆನ್ನಾಗಿ ಎಣಿಸುತ್ತವೆ.

ಇದೆಲ್ಲಕ್ಕೂ ಸಮಯ ಎಲ್ಲಿ ಎಂದು ಕೇಳುವುದು ನ್ಯಾಯವೇ. ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿಲೀಟರ್ ಹಾಲಿನ ಲೆಕ್ಕ, ಊಟದ ಲೆಕ್ಕ, ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ಜಾಲತಾಣದ ಎಂಟ್ರಿ. ಏಕೋಪಾಧ್ಯಾಯ ಶಾಲೆಯಲ್ಲಂತೂ ಸಿಗುವುದು ಬೆಳಗಿನ ಮೊದಲ ಒಂದು ಗಂಟೆ. ಅದನ್ನು ಓದಿಗೇ ಮೀಸಲಿಟ್ಟು, ಮಾಹಿತಿ ಕೇಳುವ ಫೋನಿಗೆ ಆಮೇಲೆ ಉತ್ತರ ಕೊಡಬಹುದು.

ಏಪ್ರಿಲ್‌ನಲ್ಲಿ ನಾಲ್ಕನೇ ತರಗತಿಯ ಶಿಕ್ಷಕರಿಗೆ ಬರೀ ಗ್ರೇಡ್ ದಾಟಿಸಿದರೆ ಅವರಿಗೆ ಏನೂ ತಿಳಿಯದು. ಪ್ರತಿ ಹೆಸರಿನ ಮುಂದೆ ಒಂದು ಸಾಲು ಸಾಕು: ‘ಗುಣಿತ ಬರುತ್ತದೆ, ಓತ್ವ ತಪ್ಪುತ್ತದೆ, ತ–ನ–ಮ ಒತ್ತು ಬಾಕಿ, ಕಡ್ಡಿ ಇದ್ದರೆ ಕಳೆಯುತ್ತಾಳೆ.’