ಕುದಿಸದ ಲೇನ್ ಹೇಳುವುದೆಷ್ಟು?

ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವವರಿಗೆ ಮೊದಲು ಬಿಡಿಸಬೇಕಾದ ಅಭ್ಯಾಸವೊಂದಿದೆ. ಪ್ರೋಟೀನ್‌ಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಜೆಲ್‌ಗೆ ಹಾಕುವ ಮುನ್ನ ಸ್ಯಾಂಪಲ್ಲನ್ನು 95 ಡಿಗ್ರಿಯಲ್ಲಿ ಕುದಿಸುವುದು. ಎಂಎಸ್ಸಿಯಲ್ಲಿ ಕೈಗೆ ಹತ್ತಿದ್ದು, ಸುಲಭಕ್ಕೆ ಬಿಡುವುದಿಲ್ಲ.

ನಮ್ಮ ಕೆಲಸ ಇ. ಕೋಲಿ ಬ್ಯಾಕ್ಟೀರಿಯಾದ ಹೊರಪೊರೆಯ ಪ್ರೋಟೀನ್‌ಗಳ ಮೇಲೆ, ಹೆಚ್ಚಾಗಿ ಓಂಪ್ ಎ ಮೇಲೆ. ಒಂದೇ ಸ್ಯಾಂಪಲ್ಲನ್ನು ಎರಡು ಪಾಲು ಮಾಡಿ, ಒಂದನ್ನು ಮಾತ್ರ ಕುದಿಸಿ, ಎರಡನ್ನೂ ಜೆಲ್ಲಿನ ಅಕ್ಕಪಕ್ಕದ ಸಾಲುಗಳಲ್ಲಿ, ಅಂದರೆ ಲೇನ್‌ಗಳಲ್ಲಿ, ಓಡಿಸುತ್ತೇವೆ. ಕುದಿಸಿದ್ದು 35 ಕಿಲೋಡಾಲ್ಟನ್ ಹತ್ತಿರ ನಿಲ್ಲುತ್ತದೆ, ಕುದಿಸದ್ದು 30ರ ಹತ್ತಿರ. ಪ್ರೋಟೀನಿನ ತೂಕ ಇಳಿದದ್ದಲ್ಲ. ಸುತ್ತ ಪ್ರೋಟೀನ್ ಬಿಚ್ಚುವ ಡಿಟರ್ಜೆಂಟ್ ಎಸ್‌ಡಿಎಸ್ ಇದ್ದರೂ ಅದು ಬಿಚ್ಚಿಕೊಂಡಿಲ್ಲ, ಗಿಡ್ಡಗೆ ಮಡಚಿಕೊಂಡೇ ಜೆಲ್ಲಿನಲ್ಲಿ ಬೇಗ ನುಸುಳಿದೆ.

ಇದಕ್ಕೆ ಕಾರಣ ಅದರ ಕಟ್ಟಡ. ಪೊರೆಯೊಳಗಿನ ಭಾಗದಲ್ಲಿ ಎಂಟು ಬೀಟಾ ಎಳೆಗಳು ಪೀಪಾಯಿಯ ಹಲಗೆಗಳಂತೆ ಸುತ್ತ ನಿಂತು, ಕೊನೆಯದು ಮೊದಲನೆಯದಕ್ಕೆ ಹೈಡ್ರೋಜನ್ ಬಂಧಗಳಿಂದ ಸೇರಿ ಬಾಯಿ ಮುಚ್ಚುತ್ತದೆ. ಒಂದು ಎಳೆಯನ್ನು ಎಳೆದರೆ ಅದರ ಬಂಧಗಳೆಲ್ಲ ಜಿಡ್ಡಿನ ನಡುವೆ ಜೋಡಿಯಿಲ್ಲದೆ ಉಳಿಯಬೇಕು. ಅಲ್ಲಿ ಕೈಹಿಡಿಯಲು ನೀರಿಲ್ಲ. ಹಾಗಾಗಿ ಬಿಚ್ಚುವ ದಾರಿಯಲ್ಲಿ ಶಕ್ತಿಯ ದೊಡ್ಡ ದಿಣ್ಣೆಯೇ ಎದುರಾಗುತ್ತದೆ.

ಎರಡು ಬ್ಯಾಂಡ್ ಕಂಡ ಖುಷಿಯಲ್ಲಿ ಬರುವ ಪ್ರಶ್ನೆ ಯಾವಾಗಲೂ ಒಂದೇ: "ಮೇಡಂ, ಎಸ್‌ಡಿಎಸ್‌ಗೇ ಬಗ್ಗಿಲ್ಲ ಅಂದ್ರೆ ಇದು ಸಿಕ್ಕಾಪಟ್ಟೆ ಸ್ಟೇಬಲ್ ಅಲ್ವಾ?"

ಆಗ 2004ರ ಲೆಕ್ಕವನ್ನು ಮುಂದಿಡುತ್ತೇನೆ. ವರ್ಜೀನಿಯಾ ವಿಶ್ವವಿದ್ಯಾಲಯದ ಲೂಕಾಸ್ ಟಾಮ್ ಅವರ ಗುಂಪು ಲಿಪಿಡ್ ಪೊರೆಯಲ್ಲಿ ಓಂಪ್ ಎ ಯನ್ನು ಯೂರಿಯಾದಿಂದ ಬಿಚ್ಚಿ, ಮಡಚಿದ ಮತ್ತು ಬಿಚ್ಚಿದ ಸ್ಥಿತಿಗಳ ನಡುವಿನ ಶಕ್ತಿಯ ಅಂತರವನ್ನು, ಅಂದರೆ ಸ್ಟೆಬಿಲಿಟಿಯನ್ನು, ಅಳೆದಾಗ ಸಿಕ್ಕಿದ್ದು ಮೋಲ್‌ಗೆ ಸುಮಾರು 3.4 ಕಿಲೋಕ್ಯಾಲರಿ. ನೀರಿನಲ್ಲಿ ಕರಗುವ ಎಷ್ಟೋ ಸಾಮಾನ್ಯ ಪ್ರೋಟೀನ್‌ಗಳಿಗೆ ಇದಕ್ಕಿಂತ ಹೆಚ್ಚಿರುತ್ತದೆ! ಜಾನ್ಸ್ ಹಾಪ್ಕಿನ್ಸ್‌ನ ಕ್ಯಾರೆನ್ ಫ್ಲೆಮಿಂಗ್ ಅವರ ಗುಂಪಿಗೆ ಓಂಪ್‌ಎಲ್‌ಎ ಎಂಬ ಇನ್ನೊಂದು ಹೊರಪೊರೆ ಪ್ರೋಟೀನ್‌ನಲ್ಲಿ ಸುಮಾರು 32 ಸಿಕ್ಕಿತು. ಆದರೆ ಅವರು ಬಳಸಿದ ಲಿಪಿಡ್ ಬೇರೆ, ಪಿಎಚ್ ಬೇರೆ, ಯೂರಿಯಾ ಬದಲು ಗ್ವಾನಿಡಿನ್. ಈ ಎರಡು ಅಂಕಿಗಳನ್ನು ನೇರವಾಗಿ ಪಕ್ಕಪಕ್ಕ ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕುದಿಸದ ಲೇನ್ ತೋರಿಸುವುದು ದಿಣ್ಣೆಯ ಎತ್ತರವನ್ನು. ದಿಣ್ಣೆಯ ಈ ಕಡೆಗೂ ಆ ಕಡೆಗೂ ಇರುವ ತಗ್ಗುಗಳ ಅಂತರ ಅದರಲ್ಲಿ ಕಾಣದು. ಆ ಅಂತರ ಬೇಕೆಂದರೆ ಯೂರಿಯಾದಂಥದರ ಪ್ರಮಾಣ ಬದಲಿಸಿ, ಮಡಚಿದ ಪ್ರೋಟೀನನ್ನು ಬಿಚ್ಚುತ್ತಾ ಗ್ರಾಫಿನಲ್ಲಿ ಒಂದು ಗೆರೆ, ಬಿಚ್ಚಿದ್ದನ್ನು ಮಡಚುತ್ತಾ ಇನ್ನೊಂದು ಗೆರೆ ಎಳೆಯಬೇಕು. ಅಳೆಯುವುದೇನೋ ಸರಳ: ಬಿಚ್ಚಿದಾಗ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ ಹೊಳಪು 350 ನ್ಯಾನೊಮೀಟರ್ ಹತ್ತಿರ, ಪೊರೆಯೊಳಗೆ ಕೂತಾಗ 330ರ ಹತ್ತಿರ. ಕಷ್ಟ ಇರುವುದು ಕಾಯುವುದರಲ್ಲಿ. ಒಂದು ಮಧ್ಯಾಹ್ನಕ್ಕೆ ಆ ಹೊಳಪು ಅಳೆಯುವ ಫ್ಲೋರೋಮೀಟರ್ ಬುಕ್ ಮಾಡಿದರೆ ಎರಡು ಗೆರೆಗಳು ದೂರದೂರವೇ ಉಳಿಯುತ್ತವೆ, ಏಕೆಂದರೆ ಪ್ರೋಟೀನ್ ಇನ್ನೂ ದಾರಿಯಲ್ಲಿದೆ. ಅವು ಒಂದರ ಮೇಲೊಂದು ಕೂರುವವರೆಗೆ ನಮ್ಮ ಮೀಟಿಂಗ್ ಸ್ಲೈಡಿನಲ್ಲಿ ಕಿಲೋಕ್ಯಾಲರಿಗೆ ಜಾಗವಿಲ್ಲ.

ಹಾಗಂತ ಜೆಲ್ ಬಿಟ್ಟಿಲ್ಲ. ಮ್ಯೂಟೆಂಟ್‌ಗಳನ್ನು ಮೂಲ ಪ್ರೋಟೀನಿನೊಂದಿಗೆ ಹೋಲಿಸಲು ಅದೇ ಅಗ್ಗ, ಅದೇ ಬೇಗ. ಬೇರೆಬೇರೆ ಉಷ್ಣತೆಯಲ್ಲಿ ಅಷ್ಟಷ್ಟೇ ಹೊತ್ತು ಬಿಸಿಮಾಡಿ ಸಾಲಾಗಿ ಓಡಿಸಿದರೆ ಯಾವುದು ಮೊದಲು ಸೋಲುತ್ತದೆಂದು ಕಣ್ಣಿಗೇ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಬಿಸಿಮಾಡಿದ ಹೊತ್ತು, ಉಷ್ಣತೆ, ಡಿಟರ್ಜೆಂಟ್ ಈ ಮೂರರಲ್ಲಿ ಒಂದಿಲ್ಲದಿದ್ದರೂ ನಾನು ಸಹಿ ಹಾಕುವುದಿಲ್ಲ.