ರ‍್ಯಾಮ್ ಹಾಕಿಸುವ ಮೊದಲು ನೋಡ್ ಮಾಡ್ಯೂಲ್ಸ್ ಎಲ್ಲಿ ಕೂತಿದೆ ನೋಡಿ

ವೆಬ್ ಡೆವಲಪರ್‌ಗಳ ಲ್ಯಾಪ್‌ಟಾಪ್ ನೋಡಿಕೊಳ್ಳುವ ಕೆಲಸದಲ್ಲಿ ದಿನಾ ಕೇಳುವ ಮಾತು ಒಂದೇ: "ಸಿಸ್ಟಮ್ ಹ್ಯಾಂಗ್ ಆಗ್ತಿದೆ, 16 ಜಿಬಿ ಸಾಲ್ತಿಲ್ಲ." ನಿಜಕ್ಕೂ ಸಾಲದೆ ಇರುವುದು ಉಂಟು. ಆದರೆ ಅದಕ್ಕಿಂತ ಹೆಚ್ಚಾಗಿ ಕಾಣುವ ಕಾರಣ ಬೇರೆ. ಸಾವಿರಾರು ಸಣ್ಣ ಸಣ್ಣ ಫೈಲ್‌ಗಳನ್ನು ಒಂದೇ ಹೊತ್ತಿಗೆ ನಾಲ್ಕೈದು ಪ್ರೋಗ್ರಾಮ್‌ಗಳು ಕಾಯುತ್ತಾ ಕೂತಿರುತ್ತವೆ.

ಗೊತ್ತುಮಾಡಿಕೊಳ್ಳುವುದು ಸುಲಭ. ಮಷೀನ್ ನಿಧಾನವಾದ ಕ್ಷಣದಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಆಮೇಲೆ ತೆರೆದರೆ ಪ್ರಯೋಜನವಿಲ್ಲ, ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ. ಮೆಮೊರಿ 80 ಪರ್ಸೆಂಟ್ ಅಂತ ಕಂಡರೆ ಗಾಬರಿ ಬೇಡ, ಖಾಲಿ ಬಿಟ್ಟ ರ‍್ಯಾಮ್‌ನಿಂದ ಯಾರಿಗೂ ಲಾಭವಿಲ್ಲ. ಡಿಸ್ಕ್ ಕಾಲಮ್ ನೋಡಿ. ಅದು 100 ಪರ್ಸೆಂಟ್ ತೋರಿಸುತ್ತಾ, ಓದು-ಬರಹದ ವೇಗ ಮಾತ್ರ ಸೆಕೆಂಡಿಗೆ ಎರಡು ಮೂರು ಎಂಬಿ ಇದ್ದರೆ, ಡಿಸ್ಕ್ ದೊಡ್ಡ ಕೆಲಸವನ್ನೇನೂ ಮಾಡುತ್ತಿಲ್ಲ, ಚಿಲ್ಲರೆ ಎಣಿಸುತ್ತಿದೆ.

ಆ ಚಿಲ್ಲರೆಯ ಗಂಟು ಸಾಮಾನ್ಯವಾಗಿ ನೋಡ್ ಮಾಡ್ಯೂಲ್ಸ್ ಫೋಲ್ಡರ್, ಪ್ರಾಜೆಕ್ಟ್ ಬಳಸುವ ಬೇರೆಯವರ ಕೋಡ್ ಪ್ಯಾಕೇಜ್‌ಗಳೆಲ್ಲ ಬಂದು ಕೂರುವ ಜಾಗ. ಸಾಧಾರಣ ರಿಯಾಕ್ಟ್ ಪ್ರಾಜೆಕ್ಟ್‌ನಲ್ಲೂ ಅದರೊಳಗೆ ಹತ್ತಾರು ಸಾವಿರ ಫೈಲ್‌ಗಳಿರುತ್ತವೆ. ಪ್ರಾಜೆಕ್ಟ್ ಡೆಸ್ಕ್‌ಟಾಪ್ ಮೇಲೋ ಡಾಕ್ಯುಮೆಂಟ್ಸ್‌ನಲ್ಲೋ ಇದ್ದರೆ ಮೊದಲ ಅಪರಾಧಿ ಒನ್‌ಡ್ರೈವ್, ಫೈಲ್‌ಗಳನ್ನು ಕ್ಲೌಡ್‌ಗೆ ಕಳಿಸುವ ಮೈಕ್ರೋಸಾಫ್ಟ್ ಸೇವೆ. ವಿಂಡೋಸ್ 11 ಸೆಟಪ್ ಆಗುವಾಗಲೇ ಈ ಎರಡು ಫೋಲ್ಡರ್‌ಗಳ ಬ್ಯಾಕಪ್ ಎಷ್ಟೋ ಸಲ ಕೇಳದೆಯೇ ಆನ್ ಆಗಿರುತ್ತದೆ. ಟರ್ಮಿನಲ್‌ನಲ್ಲಿ ಪಾತ್ ನೋಡಿ: ನಡುವೆ ಒನ್‌ಡ್ರೈವ್ ಅನ್ನುವ ಹೆಸರಿದ್ದರೆ, ನೀವು ಇನ್‌ಸ್ಟಾಲ್ ಮಾಡುವ ಪ್ರತಿ ಪ್ಯಾಕೇಜೂ ಕ್ಲೌಡ್‌ಗೆ ಹೊರಟಿದೆ. ಸಿ ಡ್ರೈವ್‌ನ ಬುಡದಲ್ಲೇ ಒಂದು ಫೋಲ್ಡರ್ ಮಾಡಿ ಪ್ರಾಜೆಕ್ಟ್‌ಗಳನ್ನು ಅಲ್ಲಿಗೆ ಸಾಗಿಸಿ. ಸಾಗಿಸುವ ಮೊದಲು ನೋಡ್ ಮಾಡ್ಯೂಲ್ಸ್ ಅಳಿಸಿಬಿಡಿ. ಅದನ್ನು ಕಾಪಿ ಮಾಡುವ ಹೊತ್ತಿಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿ ಕಾಫಿ ಕುಡಿದು ಬರಬಹುದು.

ಎರಡನೆಯದು ಕಾವಲುಗಾರ ಡಿಫೆಂಡರ್, ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಆ್ಯಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್ ಅಂತ ಕಾಣುತ್ತದೆ. ಇನ್‌ಸ್ಟಾಲ್ ನಡೆಯುವಾಗ ಇದು ಮೇಲೆದ್ದು ಕೂರುವುದು ಸಹಜ, ಪ್ರತಿ ಹೊಸ ಫೈಲನ್ನೂ ತೆರೆದು ನೋಡುತ್ತದೆ. ಇದಕ್ಕೆ ಬೇಸತ್ತು ಇಡೀ ಸಿ ಡ್ರೈವನ್ನೇ ಎಕ್ಸ್‌ಕ್ಲೂಷನ್‌ಗೆ, ಅಂದರೆ ಪರೀಕ್ಷಿಸಬೇಡ ಅನ್ನುವ ಪಟ್ಟಿಗೆ, ಹಾಕುವವರಿದ್ದಾರೆ. ದಯವಿಟ್ಟು ಬೇಡ. 2021ರ ಅಕ್ಟೋಬರ್‌ನಲ್ಲಿ ಯುಎ-ಪಾರ್ಸರ್-ಜೆಎಸ್ ಅನ್ನುವ ಜನಪ್ರಿಯ ಎನ್‌ಪಿಎಂ (ನೋಡ್ ಪ್ಯಾಕೇಜ್‌ಗಳನ್ನು ತರಿಸುವ ಸಾಧನ) ಪ್ಯಾಕೇಜ್‌ನೊಳಗೇ ಪಾಸ್‌ವರ್ಡ್ ಕದಿಯುವ ಕೋಡ್ ಸೇರಿಕೊಂಡಿತ್ತು. ಎಕ್ಸ್‌ಕ್ಲೂಷನ್ ಹಾಕಿದರೆ ಕಳ್ಳ ಬರುವ ಬಾಗಿಲಿನಿಂದಲೇ ನಾಯಿಯನ್ನು ಓಡಿಸಿದಂತಾಗುತ್ತದೆ.

ಅದರ ಬದಲು ವಿಂಡೋಸ್ 11ರ ಡೆವ್ ಡ್ರೈವ್ ಬಳಸಿ, ಡೆವಲಪರ್‌ಗಳ ಕೆಲಸಕ್ಕೆಂದೇ ಮಾಡುವ ಪ್ರತ್ಯೇಕ ಡ್ರೈವ್ ಅದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸ್ಟೋರೇಜ್, ಅಡ್ವಾನ್ಸ್ಡ್ ಸ್ಟೋರೇಜ್ ಸೆಟ್ಟಿಂಗ್ಸ್, ಡಿಸ್ಕ್ಸ್ ಆ್ಯಂಡ್ ವಾಲ್ಯೂಮ್ಸ್, ಅಲ್ಲಿ ಕ್ರಿಯೇಟ್ ಡೆವ್ ಡ್ರೈವ್. ಕನಿಷ್ಠ 50 ಜಿಬಿ ಜಾಗ ಬೇಕು. ಈಗಿರುವ ಪಾರ್ಟಿಷನ್ ಅನ್ನು ಹಾಗೆಯೇ ಬದಲಿಸಲು ಬರುವುದಿಲ್ಲ, ಹೊಸದಾಗಿಯೇ ಮಾಡಬೇಕು. ಇದರ ಮೇಲೆ ಡಿಫೆಂಡರ್ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಓಡುತ್ತದೆ: ಫೈಲ್ ತೆರೆಯುವಾಗ ತಡೆದು ನಿಲ್ಲಿಸದೆ, ತೆರೆದ ಮೇಲೆ ಹಿಂದಿನಿಂದ ಪರೀಕ್ಷಿಸುತ್ತದೆ. ಎನ್‌ಪಿಎಂನ ಕ್ಯಾಶ್ ಫೋಲ್ಡರನ್ನೂ (ಇಳಿಸಿಕೊಂಡ ಪ್ಯಾಕೇಜ್‌ಗಳ ದಾಸ್ತಾನು) ಇದೇ ಡ್ರೈವ್‌ಗೆ ತನ್ನಿ, ಇಲ್ಲವಾದರೆ ಅರ್ಧ ಲಾಭವೇ ಸಿಗುವುದು. ಆಫೀಸ್ ಮಷೀನ್ ಆದರೆ ಪಾಲಿಸಿಯಲ್ಲಿ ಅನುಮತಿ ಇದೆಯೇ ಅಂತ ಐಟಿಯವರನ್ನು ಮೊದಲು ಕೇಳಿ.

ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ 2 ಬಳಸುವವರದ್ದು ಇನ್ನೊಂದು ಕಥೆ. ಕೋಡ್ ಸಿ ಡ್ರೈವ್‌ನಲ್ಲಿ, ಅದನ್ನು ನಡೆಸುವ ನೋಡ್ ಓಡುವುದು ಲಿನಕ್ಸ್ ಒಳಗೆ. ಹೀಗಿದ್ದರೆ ಪ್ರತಿ ಫೈಲ್ ಓದೂ 9ಪಿ ಅನ್ನುವ ಪ್ರೋಟೋಕಾಲ್‌ನ ಸೇತುವೆ ದಾಟಬೇಕು. ಒಂದು ದೊಡ್ಡ ಫೈಲ್‌ಗೆ ಇದು ಲೆಕ್ಕಕ್ಕಿಲ್ಲ, ಮೂವತ್ತು ಸಾವಿರ ಸಣ್ಣವಕ್ಕೆ ಶಿಕ್ಷೆ. ಇಷ್ಟೇ ಅಲ್ಲ, ವಿಂಡೋಸ್ ಡ್ರೈವ್‌ನಲ್ಲಿ ಫೈಲ್ ಬದಲಾದ ಸುದ್ದಿ ಲಿನಕ್ಸ್ ಕಡೆಯ ವಾಚರ್‌ಗೆ ಮುಟ್ಟುವುದೇ ಇಲ್ಲ. ಆದ್ದರಿಂದ ಹಾಟ್ ರಿಲೋಡ್, ಅಂದರೆ ಫೈಲ್ ಉಳಿಸಿದೊಡನೆ ಪುಟ ತಾನಾಗಿ ಬದಲಾಗುವುದು, ಕೆಲಸ ಮಾಡುವುದಿಲ್ಲ. ಯಾರೋ ಪೋಲಿಂಗ್ ಆನ್ ಮಾಡಿ ಅಂತ ಹೇಳುತ್ತಾರೆ, ಮಾಡುತ್ತೀರಿ. ರಿಲೋಡ್ ಆಗುತ್ತದೆ, ಜೊತೆಗೆ ಫ್ಯಾನೂ ಕೂಗತೊಡಗುತ್ತದೆ, ಯಾಕೆಂದರೆ ಈಗ ನೋಡ್ ಎಲ್ಲ ಫೈಲ್‌ಗಳನ್ನೂ ಸುತ್ತಿ ಸುತ್ತಿ ಎಣಿಸುತ್ತಿದೆ. ಪ್ರಾಜೆಕ್ಟನ್ನು ಲಿನಕ್ಸ್‌ನ ಹೋಮ್ ಫೋಲ್ಡರ್‌ಗೆ ತಂದು, ವಿಎಸ್ ಕೋಡ್‌ನ ಡಬ್ಲ್ಯುಎಸ್ಎಲ್ ಎಕ್ಸ್‌ಟೆನ್ಷನ್ ಮೂಲಕ ತೆರೆದು, ಪೋಲಿಂಗ್ ಆಫ್ ಮಾಡಿ. ಮೂರೂ ತಾಪತ್ರಯ ಒಟ್ಟಿಗೆ ಹೋಗುತ್ತವೆ.

ಡಬ್ಲ್ಯುಎಸ್ಎಲ್ ಒಟ್ಟು ರ‍್ಯಾಮ್‌ನ ಅರ್ಧದವರೆಗೂ ತೆಗೆದುಕೊಳ್ಳಬಹುದು, ಮೂಲ ಸೆಟ್ಟಿಂಗ್ ಹಾಗೇ ಇದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಎಂಮೆಮ್ ಅಂತ ಉಬ್ಬಿಕೊಂಡಿರುವುದು ಇದೇ. ನಿಮ್ಮ ಯೂಸರ್ ಫೋಲ್ಡರ್‌ನಲ್ಲಿ ಡಾಟ್ ಡಬ್ಲ್ಯುಎಸ್ಎಲ್‌ಕಾನ್ಫಿಗ್ ಫೈಲ್ ಮಾಡಿ, 16 ಜಿಬಿ ಮಷೀನ್ ಆದರೆ ಮೆಮೊರಿ 6 ಜಿಬಿ ಅಂತ ಮಿತಿ ಹಾಕಿ, ಡಬ್ಲ್ಯುಎಸ್ಎಲ್ ಶಟ್‌ಡೌನ್ ಕಮಾಂಡ್ ಕೊಟ್ಟು ಮತ್ತೆ ತೆರೆಯಿರಿ. ಶಟ್‌ಡೌನ್ ಕೊಡದೆ ಟರ್ಮಿನಲ್ ಮುಚ್ಚಿ ತೆರೆದರೆ ಹೊಸ ಮಿತಿ ಜಾರಿಗೆ ಬರುವುದಿಲ್ಲ.

ಇನ್ನು ವಿಎಸ್ ಕೋಡ್. 2015ರಲ್ಲಿ ಬಂದದ್ದು ಈಗ ಹೆಚ್ಚು ಕಡಿಮೆ ಎಲ್ಲರ ಮೆಚ್ಚಿನ ಎಡಿಟರ್, ಬೈಗುಳವೂ ಅದಕ್ಕೇ ಹೆಚ್ಚು. ಬೈಯುವ ಮುಂಚೆ ಹೆಲ್ಪ್ ಮೆನುವಿನ ಪ್ರೋಸೆಸ್ ಎಕ್ಸ್‌ಪ್ಲೋರರ್ ತೆರೆದು ನೋಡಿ, ಮಷೀನನ್ನು ಎಡಿಟರ್ ತಿನ್ನುತ್ತಿದೆಯೋ, ಎಕ್ಸ್‌ಟೆನ್ಷನ್‌ಗಳನ್ನು ಓಡಿಸುವ ಎಕ್ಸ್‌ಟೆನ್ಷನ್ ಹೋಸ್ಟ್ ತಿನ್ನುತ್ತಿದೆಯೋ ತಿಳಿಯುತ್ತದೆ. ಎಕ್ಸ್‌ಟೆನ್ಷನ್ ಅಂತಾದರೆ ಕಮಾಂಡ್ ಪ್ಯಾಲೆಟ್‌ನಲ್ಲಿ ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್ ಕೊಡಿ. ಅದು ಅರ್ಧರ್ಧ ಆಫ್ ಮಾಡಿ "ಈಗ ಸರಿಯೇ?" ಎಂದು ಕೇಳುತ್ತಾ ಹೋಗುತ್ತದೆ. 32 ಎಕ್ಸ್‌ಟೆನ್ಷನ್ ಇದ್ದರೂ ಐದಾರು ಸುತ್ತಿನಲ್ಲಿ ಕಳ್ಳ ಸಿಗುತ್ತಾನೆ. ಕೋಡ್‌ನ ತಪ್ಪು ಹುಡುಕುವ ಟೈಪ್‌ಸ್ಕ್ರಿಪ್ಟ್ ಸರ್ವರ್ ಉಬ್ಬಿದ್ದರೆ ಅದನ್ನೊಂದನ್ನೇ ರೀಸ್ಟಾರ್ಟ್ ಮಾಡಬಹುದು. ಮೋನೋರೆಪೋ (ಹಲವು ಪ್ಯಾಕೇಜ್ ಒಂದೇ ಕಡೆ ಇರುವ ಪ್ರಾಜೆಕ್ಟ್) ಆದರೆ ಇಡೀ ಮೂಲ ಫೋಲ್ಡರನ್ನು ತೆರೆಯದೆ ನಿಮ್ಮ ಪ್ಯಾಕೇಜ್‌ನ ಫೋಲ್ಡರ್ ಮಾತ್ರ ತೆರೆಯಿರಿ. ಫೈಲ್ಸ್ ವಾಚರ್ ಎಕ್ಸ್‌ಕ್ಲೂಡ್ ಪಟ್ಟಿಗೆ ಡಿಸ್ಟ್, ಬಿಲ್ಡ್, ಕವರೇಜ್ ಮತ್ತು ಪಿಎಚ್‌ಪಿಯ ವೆಂಡರ್ ಫೋಲ್ಡರ್ ಸೇರಿಸಿ.

ಲಿನಕ್ಸ್‌ನಲ್ಲಿ ಒಂದು ವಿಚಿತ್ರ ಎರರ್ ಬರುತ್ತದೆ: ಡಿಸ್ಕ್‌ನಲ್ಲಿ ಜಾಗವಿಲ್ಲ ಅನ್ನುತ್ತದೆ, ನೋಡಿದರೆ ನೂರು ಜಿಬಿ ಖಾಲಿ. ಮುಗಿದಿರುವುದು ಐನೋಟಿಫೈ ವಾಚ್‌ಗಳ ಕೋಟಾ, ಅಂದರೆ ಎಷ್ಟು ಫೈಲು, ಫೋಲ್ಡರ್ ಕಾಯಬಹುದು ಅನ್ನುವ ಮಿತಿ. ಹಳೆಯ ಕರ್ನಲ್‌ಗಳಲ್ಲಿ (ಸಿಸ್ಟಮ್‌ನ ತಿರುಳು) ಅದು 8192 ಇರುತ್ತದೆ. 524288ಕ್ಕೆ ಏರಿಸಿದರೆ ಸಾಕು. ಒಂದು ವಾಚ್‌ಗೆ ಸುಮಾರು 1080 ಬೈಟ್, ಪೂರ್ತಿ ಬಳಕೆಯಾದರೆ ಅರ್ಧ ಜಿಬಿ ಮೆಮೊರಿ ಹೋಗುತ್ತದೆ ಅನ್ನುವುದು ನೆನಪಿರಲಿ.

ಸರ್ವರ್‌ಗೆ ರಿಕ್ವೆಸ್ಟ್ ಕಳಿಸಿ ನೋಡುವ, ಬೆಂಗಳೂರಿನಲ್ಲೇ ಹುಟ್ಟಿದ ಪೋಸ್ಟ್‌ಮನ್, ಚಾಟ್ ಆ್ಯಪ್, ವಿಎಸ್ ಕೋಡ್ ಮೂರೂ ಎಲೆಕ್ಟ್ರಾನ್ (ವೆಬ್ ಕೋಡ್‌ನಿಂದ ಡೆಸ್ಕ್‌ಟಾಪ್ ಆ್ಯಪ್ ಕಟ್ಟುವ ಚೌಕಟ್ಟು) ಆದರೆ ಮೂರೂ ತಮ್ಮ ತಮ್ಮ ಕ್ರೋಮಿಯಂ ಬ್ರೌಸರ್ ಹೊತ್ತು ತರುತ್ತವೆ. ಹಗುರವಾಗಲಿ ಅಂತ ಪೋಸ್ಟ್‌ಮನ್ ಬಿಟ್ಟು ಅದೇ ಕೆಲಸದ ಬ್ರೂನೋಗೆ ಹೋದರೆ ಅದೂ ಎಲೆಕ್ಟ್ರಾನೇ. ಕಲೆಕ್ಷನ್‌ಗಳು (ಉಳಿಸಿಟ್ಟ ರಿಕ್ವೆಸ್ಟ್‌ಗಳು) ಸಾದಾ ಫೈಲ್ ಆಗಿ ಗಿಟ್‌ನಲ್ಲಿ ಕೂರುತ್ತವೆ ಅನ್ನುವ ಕಾರಣಕ್ಕೆ ಹೋಗಿ, ತೂಕದ ಕಾರಣಕ್ಕಲ್ಲ. ಒಂದೇ ರಿಕ್ವೆಸ್ಟ್ ನೋಡಬೇಕಿದ್ದರೆ ಟರ್ಮಿನಲ್‌ನ ಕರ್ಲ್ ಕಮಾಂಡ್ ಸಾಕು. ಕ್ರೋಮ್‌ನಲ್ಲಿ ಕೆಲಸಕ್ಕೆಂದೇ ಎಕ್ಸ್‌ಟೆನ್ಷನ್ ಇಲ್ಲದ ಪ್ರತ್ಯೇಕ ಪ್ರೊಫೈಲ್ ಇಡಿ. ಡೆವ್‌ಟೂಲ್ಸ್ ತೆರೆದಿಟ್ಟು ದೊಡ್ಡ ಆಬ್ಜೆಕ್ಟ್‌ಗಳನ್ನು ಕನ್ಸೋಲ್ ಲಾಗ್ ಮಾಡುತ್ತಾ ಹೋದರೆ ಅವು ಮೆಮೊರಿಯಿಂದ ಇಳಿಯುವುದಿಲ್ಲ. ಟ್ಯಾಬ್ ಸಂಜೆಯ ಹೊತ್ತಿಗೆ ಭಾರವಾಗುವುದು ಎಷ್ಟೋ ಸಲ ಇದರಿಂದಲೇ.

ಆ್ಯಪ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಡಾಕರ್ ಜಾಗ ತಿಂದಿದ್ದರೆ ಮೊದಲು ಡಾಕರ್ ಸಿಸ್ಟಮ್ ಡಿಎಫ್ ಕೊಟ್ಟು ಲೆಕ್ಕ ನೋಡಿ. ಬಹುಪಾಲು ಬಿಲ್ಡ್ ಕ್ಯಾಶ್ ಇರುತ್ತದೆ, ಬಿಲ್ಡರ್ ಪ್ರೂನ್ ಸಾಕು. ಪ್ರೂನ್‌ಗೆ ವಾಲ್ಯೂಮ್ಸ್ ಸೇರಿಸಿದರೆ ಲೋಕಲ್ ಡೇಟಾಬೇಸ್ ಹೋಗಬಹುದು. ಅಳಿಸಿದರೂ ಸಿ ಡ್ರೈವ್‌ನಲ್ಲಿ ಜಾಗ ಮರಳದಿದ್ದರೆ ಅಚ್ಚರಿಪಡಬೇಡಿ: ವರ್ಚುವಲ್ ಡಿಸ್ಕ್ ಫೈಲ್ ಹಿಗ್ಗುತ್ತದೆ, ಎಷ್ಟೋ ಸಲ ತಾನಾಗಿ ಕುಗ್ಗುವುದಿಲ್ಲ. ಡಾಕರ್ ಮುಚ್ಚಿ, ಡಬ್ಲ್ಯುಎಸ್ಎಲ್ ನಿಲ್ಲಿಸಿ, ಡಿಸ್ಕ್‌ಪಾರ್ಟ್‌ನಲ್ಲಿ ಆ ಫೈಲನ್ನು ಆರಿಸಿ ಕಾಂಪ್ಯಾಕ್ಟ್ ಮಾಡಬೇಕು.

ಇಷ್ಟಾದರೂ ನಿಧಾನವೇ? ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನ ಸಿಪಿಯು ಪುಟದಲ್ಲಿ ಎರಡು ಅಂಕಿ ನೋಡಿ. ಸ್ಪೀಡ್ ಭಾರದ ಹೊತ್ತಿನಲ್ಲೂ 1 ಗಿಗಾಹರ್ಟ್ಸ್‌ಗಿಂತ ಕೆಳಗೇ ನಿಂತಿದ್ದರೆ ಚಾರ್ಜರ್ ಪರೀಕ್ಷಿಸಿ. 65 ವಾಟ್ ಬೇಡುವ ಲ್ಯಾಪ್‌ಟಾಪ್‌ಗೆ ಫೋನಿನ ಚಾರ್ಜರ್ ಚುಚ್ಚಿದರೆ ಹೀಗಾಗುತ್ತದೆ. ಅಪ್‌ಟೈಮ್ ಹತ್ತೊಂಬತ್ತು ದಿನ ಅಂತಿದ್ದರೆ, ನೀವು ದಿನಾ ಶಟ್‌ಡೌನ್ ಮಾಡುತ್ತಿದ್ದರೂ ಫಾಸ್ಟ್ ಸ್ಟಾರ್ಟಪ್ ಕರ್ನಲನ್ನು ಹಾಗೆಯೇ ಎತ್ತಿಟ್ಟು ಮರಳಿ ತರುತ್ತಿದೆ. ರೀಸ್ಟಾರ್ಟ್ ಕೊಡಿ, ಅದು ಬೇರೆ.

ರ‍್ಯಾಮ್ ನಿಜಕ್ಕೂ ಬೇಕೋ ಎಂಬುದಕ್ಕೆ ಮೆಮೊರಿ ಪುಟದ ಕಮಿಟೆಡ್ ಅಂಕಿ (ಪ್ರೋಗ್ರಾಮ್‌ಗಳಿಗೆ ಕೊಡುತ್ತೇನೆಂದು ವಿಂಡೋಸ್ ಒಪ್ಪಿಕೊಂಡ ಒಟ್ಟು ಮೆಮೊರಿ) ನೋಡಿ. ಎಲ್ಲ ಕೆಲಸ ತೆರೆದಿಟ್ಟಾಗ ಅದು ಮಷೀನ್‌ನ ರ‍್ಯಾಮ್ ಮೀರಿ ತುಂಬಾ ಮೇಲೆ ಹೋಗುತ್ತಿದ್ದು, ಡಿಸ್ಕೂ ದಣಿಯುತ್ತಿದ್ದರೆ ಹಾಕಿಸಿ. ಅದೇ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂಬುದೂ ಇರುತ್ತದೆ. ಎರಡರಲ್ಲಿ ಒಂದೇ ತುಂಬಿದ್ದರೆ ಇರುವ ಸ್ಟಿಕ್‌ನಷ್ಟೇ ಗಾತ್ರದ, ಅದೇ ವೇಗದ ಇನ್ನೊಂದನ್ನು ತನ್ನಿ, ಡ್ಯುಯಲ್ ಚಾನಲ್ ಲಾಭವೂ ಸಿಗುತ್ತದೆ. ಬೋರ್ಡ್‌ಗೆ ಬೆಸುಗೆ ಹಾಕಿದ ಮೆಮೊರಿಯನ್ನೂ ಟಾಸ್ಕ್ ಮ್ಯಾನೇಜರ್ ಸ್ಲಾಟ್ ಅಂತಲೇ ಎಣಿಸುವುದುಂಟು, ದುಡ್ಡು ಕೊಡುವ ಮೊದಲು ಮಾಡೆಲ್ ನಂಬರ್ ಹಾಕಿ ಸರ್ವೀಸ್ ಮ್ಯಾನ್ಯುಯಲ್ ನೋಡಿಕೊಳ್ಳಿ.