ಮೊಬೈಲಲ್ಲಿ ಬಂದ ಅಂಕ ನೋಡಿ ಪಿಟಿಎಸ್‌ಡಿ ಇದೆ ಅನ್ನಬಹುದಾ?

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಬರೆ (ಗುಡ್ಡದ ಇಳಿಜಾರು) ಕುಸಿದ ಊರುಗಳ ಜನರ ಜೊತೆ ಆಪ್ತಸಮಾಲೋಚಕಿಯಾಗಿ ಮಾತಾಡುತ್ತಿರುತ್ತೇನೆ. ಅವರು ಪದೇ ಪದೇ ಕೇಳುವುದು ಇದನ್ನೇ: "ಮೊಬೈಲಲ್ಲಿ ಟೆಸ್ಟ್ ಮಾಡ್ಕೊಂಡೆ, 36 ಬಂತು. ನನಗೆ ಪಿಟಿಎಸ್‌ಡಿ ಇದೆಯಾ ಮೇಡಂ?"

ಇರಬಹುದು. ಆದರೆ ಅಂಕ ಒಂದನ್ನೇ ನೋಡಿ ನಾನು ಹೌದು ಅನ್ನುವುದಿಲ್ಲ. ಪಿಟಿಎಸ್‌ಡಿ ಅಂದರೆ ದೊಡ್ಡ ಆಘಾತ ಕಳೆದ ಮೇಲೂ ಅದರ ನೆನಪು, ಭಯ ಬಿಡದೆ ಕಾಡುವ ಮಾನಸಿಕ ಕಾಯಿಲೆ.

ಮೊಬೈಲಲ್ಲಿ ಸಾಮಾನ್ಯವಾಗಿ ಸಿಗುವುದು ಪಿಸಿಎಲ್-5, ಅಂದರೆ ಪಿಟಿಎಸ್‌ಡಿ ಲಕ್ಷಣಗಳ ಬಗ್ಗೆ ನಾವೇ ತುಂಬುವ ಪ್ರಶ್ನೆಪಟ್ಟಿ. ಅದರಲ್ಲಿ 20 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4 ಅಂಕ, ಒಟ್ಟು 80. 31–33 ದಾಟಿದರೆ ಮುಂದೆ ಪರೀಕ್ಷಿಸಬೇಕು ಎನ್ನುತ್ತಾರೆ. ಇಂಥ ಪರೀಕ್ಷೆ ಕಾಯಿಲೆಯಿರುವ 100 ಜನರಲ್ಲಿ 80 ಜನರನ್ನು ಹಿಡಿಯುತ್ತದೆ, ಇಲ್ಲದ 100 ಜನರಲ್ಲಿ 20 ಜನರನ್ನು ತಪ್ಪಾಗಿ ಹಿಡಿಯುತ್ತದೆ ಅಂದುಕೊಳ್ಳಿ. 1000 ಜನರಲ್ಲಿ 100 ಮಂದಿಗೆ ನಿಜವಾಗಿ ಕಾಯಿಲೆಯಿದ್ದರೆ, 80 ಮಂದಿ ಸರಿಯಾಗಿ ಸಿಗುತ್ತಾರೆ. ಜೊತೆಗೆ ಕಾಯಿಲೆಯೇ ಇಲ್ಲದ 180 ಮಂದಿಯೂ ಸೇರಿಕೊಳ್ಳುತ್ತಾರೆ! ಪರೀಕ್ಷೆ ಕೆಟ್ಟದ್ದು ಅಂತಲ್ಲ. ಯಾರನ್ನು ಕೂರಿಸಿ ಮಾತಾಡಿಸಬೇಕು ಅನ್ನುವುದನ್ನು ತೋರಿಸುವುದಷ್ಟೇ ಅದರ ಕೆಲಸ.

ಇನ್ನು ನಮ್ಮ ಊರಿನ ವಿಷಯ. 17ನೇ ಪ್ರಶ್ನೆ, ತೀರಾ ಎಚ್ಚರವಾಗಿ, ಕಾವಲು ಕಾಯುವ ಹಾಗೆ ಇರುತ್ತೀರಾ ಅಂತ. ಸಿದ್ದಾಪುರ ಕಡೆ ಲೈನ್ ಮನೆಯಲ್ಲಿರುವವರು (ತೋಟದ ಕಾರ್ಮಿಕರು) ಇದಕ್ಕೆ 4 ಹಾಕಿದರೆ ಆಶ್ಚರ್ಯವೇನು? ತೋಟಕ್ಕೆ ಆನೆ ಬರುತ್ತದೆ. ರಾತ್ರಿ ಸಪ್ಪಳಕ್ಕೆ ಕಿವಿಗೊಡದಿದ್ದರೆ ಜೀವ ಉಳಿಯುವುದಿಲ್ಲ. 7ನೇ ಪ್ರಶ್ನೆ ಇದಕ್ಕೆ ಉಲ್ಟಾ. ಘಟನೆಯನ್ನು ನೆನಪಿಸುವ ಜಾಗ, ಜನ, ಸಂಗತಿಗಳಿಂದ ದೂರ ಇರುತ್ತೀರಾ ಎಂದು ಕೇಳುತ್ತದೆ. ಬರೆ ಕುಸಿದ ಮಕ್ಕಂದೂರಿನವರಿಗೆ ಅದನ್ನು ನೆನಪಿಸುವುದೇ ಮಳೆ. ಜೂನ್‌ನಲ್ಲಿ ಅದರಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗುವುದು? "ಇಲ್ಲ" ಅಂತ ಬರೆದುಬಿಡುತ್ತಾರೆ, ಅಂಕ ಇಳಿಯುತ್ತದೆ. ಪಿಸಿಎಲ್-5 ಕೇಳುವುದು ಕಳೆದ ಒಂದು ತಿಂಗಳ ಬಗ್ಗೆ ಮಾತ್ರ. ಹಾಗಾಗಿ ಫೆಬ್ರವರಿಯಲ್ಲಿ ತುಂಬಿದವರ ಅಂಕ ಜುಲೈನಲ್ಲಿ ಬೇರೆಯೇ ಆಗಬಹುದು.

ಅದಕ್ಕೇ ನಾನು ಪ್ರತಿ ಉತ್ತರಕ್ಕೂ "ಯಾತಕ್ಕೆ?" ಅಂತ ಕೇಳುತ್ತೇನೆ, ಆದಷ್ಟು ಅವರ ಮನೆಮಾತಿನಲ್ಲೇ. ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಬಾಯಿಬಿಡುವವರು ಕನ್ನಡದ ಫಾರ್ಮ್ ಮುಂದೆ ಸುಮ್ನೆ ಟಿಕ್ ಹಾಕಿಬಿಡುತ್ತಾರೆ. ಪಕ್ಕಾ ಗುರುತಿಸಲು ತಜ್ಞರು ಎದುರು ಕೂತು ಕೇಳುವ ಸಿಎಪಿಎಸ್-5 ಇದೆ. ಅದರಲ್ಲಿ 30 ಅಂಶಗಳಿವೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಈ ತೊಂದರೆಯಿಂದ ಕೆಲಸ, ಸಂಸಾರ ಎಷ್ಟು ಕೆಟ್ಟಿದೆ ಅನ್ನುವುದನ್ನೂ ಅಲ್ಲಿ ಕೇಳುತ್ತಾರೆ. ಪಿಸಿಎಲ್-5 ಅದನ್ನು ಕೇಳುವುದೇ ಇಲ್ಲ.

36 ಬಂದವರು ಹೆದರದೆ ಮನೋವೈದ್ಯರನ್ನು ನೋಡಿ. 15 ಬಂದರೂ ಮಳೆ ಜೋರಾದಾಗ ಮನೆಯೊಳಗೆ ಮಲಗಲು ಆಗುತ್ತಿಲ್ಲ ಅಂದರೆ ನೀವೂ ಹೋಗಿ. ಮಡಿಕೇರಿವರೆಗೆ ಬರಲು ಕಷ್ಟ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.